ಉಡುಪಿ ಸೀರೆ, ಪಿಲಿ ಪಟ್ಟೆ, ದೈವದ ಮೊಗ: ಬಟ್ಟೆಗೆ ಯಾವುದು ಬರಲಿ, ಯಾವುದು ಬೇಡ

ಪ್ರಶ್ನೆ: ನಾನು ಮಂಗಳೂರಿನವಳು. ಫ್ಯಾಷನ್ ಡಿಸೈನ್ ಓದಿ ಮುಗಿಸಿದ್ದೇನೆ. ನಮ್ಮ ಕರಾವಳಿಯ ಕಲೆಯನ್ನು ಇಟ್ಟುಕೊಂಡು, ಈಗಿನವರು ದಿನಾ ಹಾಕುವಂಥ ಬಟ್ಟೆಗಳ ಒಂದು ಚಿಕ್ಕ ಕಲೆಕ್ಷನ್ ಮಾಡುವ ಆಸೆ. ಉಡುಪಿ ಸೀರೆಯಿಂದ ಶರ್ಟ್ ಮತ್ತು ಡ್ರೆಸ್, ಯಕ್ಷಗಾನ ಕಿರೀಟದ ಪ್ರಿಂಟ್ ಇರುವ ಟೀ ಶರ್ಟ್, ಬೆನ್ನಿನ ಮೇಲೆ ದೈವದ ಮೊಗ (ಭೂತಾರಾಧನೆಯ ಮುಖವಾಡ) ಇರುವ ಡೆನಿಮ್ ಜಾಕೆಟ್, ಹೀಗೆ ಯೋಚಿಸಿದ್ದೇನೆ. ದೈವದ ಮೊಗ ಬಟ್ಟೆಗೆ ಬೇಡವೇ ಬೇಡ ಎಂದು ಅಜ್ಜಿ ಹೇಳುತ್ತಿದ್ದಾರೆ. ಜಾಸ್ತಿ ಮಾರಾಟ ಆಗುವುದೇ ಅದು ಎಂದು ಗೆಳತಿಯರು ಹೇಳುತ್ತಾರೆ. ಯಾರ ಮಾತು ಕೇಳಲಿ? ಎಲ್ಲಿಂದ ಶುರು ಮಾಡಲಿ? ಫೋಟೋ ಶೂಟ್ ಎಲ್ಲಿ ಮಾಡಿದರೆ ಚೆನ್ನ?

ಉತ್ತರ: ಅಜ್ಜಿಯ ಮಾತು ಕೇಳಿ. ಆ ಜಾಕೆಟ್ ಬಿಟ್ಟುಬಿಡಿ. ಗೆಳತಿಯರ ಮಾತೂ ಸುಳ್ಳಲ್ಲ, ಹತ್ತಿಪ್ಪತ್ತು ಪೀಸ್ ಬೇಗ ಹೋಗಬಹುದು. ಆಮೇಲೆ ಬರುವ ಫೋನ್ ಕರೆಗಳಿಗೆ ಉತ್ತರ ಹೇಳಬೇಕಾದವರು ಮಾತ್ರ ನೀವು.

ಅಜ್ಜಿ ಬರೀ ಭಯಕ್ಕೆ ಬೇಡ ಎನ್ನುತ್ತಿಲ್ಲ ಎಂದು ನನ್ನ ಅನಿಸಿಕೆ. ದೈವದ ಮೊಗ ಭಂಡಾರದ ವಸ್ತು, ಅಂದರೆ ದೈವದ ಪೂಜಾ ಸಾಮಾನಿನ ಜೊತೆ ಇಡುವಂಥದ್ದು. ಅದು ಹೊರಗೆ ಬರುವುದಕ್ಕೆ ಒಂದು ದಿನ ಉಂಟು, ಕ್ರಮ ಉಂಟು. ಯಾರು ಹೊರಬೇಕು, ಯಾರು ಮುಟ್ಟಬೇಕು ಎಂಬುದಕ್ಕೂ ಲೆಕ್ಕ ಉಂಟು. ಮುಖದ ಅರದಾಳದ ಬಣ್ಣ, ಸೊಂಟದ ತಿರಿ ಎಂಬ ಗರಿಯ ಉಡುಪು, ಬೆನ್ನಿನ ಅಣಿ ಎಂಬ ಪ್ರಭಾವಳಿ, ಕಾಲಿನ ಗಗ್ಗರ ಎಂಬ ಗೆಜ್ಜೆ, ಇದನ್ನೆಲ್ಲ ನಲಿಕೆ, ಪಂಬದ, ಪರವ ಸಮುದಾಯದವರು ತಲೆಮಾರುಗಳಿಂದ ಹೊತ್ತು ತಂದಿದ್ದಾರೆ. ಇನ್ನು ಜಾಕೆಟ್‌ನ ಪಾಡು ನೋಡಿ. ಬಸ್ಸಿನ ಸೀಟಿಗೆ ಒರಗುತ್ತದೆ. ಬಚ್ಚಲಿನ ಮೊಳೆಗೆ ನೇತಾಡುತ್ತದೆ. ಹಳತಾದ ಮೇಲೆ ಬೈಕ್ ಒರೆಸುವ ಬಟ್ಟೆಯಾಗುತ್ತದೆ. ಬಟ್ಟೆ ಎಂದರೆ ಅದರ ಕೊನೆಯವರೆಗೂ ಯೋಚಿಸಬೇಕು.

2022ರಲ್ಲಿ ‘ಕಾಂತಾರ’ ಬಂದ ಮೇಲೆ ದೈವದ ವೇಷ ಹಾಕಿ ರೀಲ್ಸ್ ಮಾಡುವುದು, ವೇದಿಕೆಯಲ್ಲಿ ಕೂಗಿ ಕುಣಿಯುವುದು ಜಾಸ್ತಿ ಆಯಿತು. ಊರಿನವರಿಗೆ ಬೇಸರವಾಯಿತು. 2025ರಲ್ಲಿ ಆ ಸರಣಿಯ ಇನ್ನೊಂದು ಚಿತ್ರ ಬಂದಾಗ, ದೈವವನ್ನು ಅನುಕರಿಸಬೇಡಿ ಎಂದು ಚಿತ್ರ ತಂಡವೇ ಜನರನ್ನು ಕೇಳಿಕೊಳ್ಳಬೇಕಾಯಿತು. ಇಷ್ಟೆಲ್ಲ ಆದ ಮೇಲೂ ಮೊಗವನ್ನು ಬೆನ್ನಿಗೆ ಪ್ರಿಂಟ್ ಮಾಡಿದರೆ ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಹಾಗೂ ಇಲ್ಲ.

ಮ್ಯೂಸಿಯಂನಲ್ಲಿ ಇಟ್ಟಿಲ್ವಾ ಎಂದು ಕೇಳುವವರು ಇರುತ್ತಾರೆ. ಇಟ್ಟಿದ್ದಾರೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಹಳೆಯ ಮರದ ಭೂತ ವಿಗ್ರಹಗಳು ಈಗ ದೆಹಲಿಯ ಕರಕುಶಲ ವಸ್ತು ಸಂಗ್ರಹಾಲಯದಲ್ಲಿ ಇವೆ. ಮೆಕ್ಕೆಕಟ್ಟಿನಲ್ಲಿ ಅವುಗಳ ಜಾಗಕ್ಕೆ ಹೊಸ ವಿಗ್ರಹ ಬಂದವು, ಹಳೆಯವು ಪೂಜೆಯಿಂದ ಹೊರಗೆ ಬಂದವು. ಅವಕಾಶ ಸಿಕ್ಕಿದರೆ ಹೋಗಿ ನೋಡಿ. ದೊಡ್ಡ ಕಣ್ಣು, ಅಗಲ ಎದೆ, ನೇರ ನಿಲುವು. ಒಬ್ಬ ಬಡಗಿ ಮರದಲ್ಲಿ ಅಷ್ಟು ಗಾಂಭೀರ್ಯವನ್ನು ಹೇಗೆ ತಂದ ಎಂದು ನೋಡಿ ಕಲಿಯಿರಿ. ಫೋಟೋ ತೆಗೆದು ಟೀ ಶರ್ಟಿಗೆ ಹಾಕುವುದು ಬೇಡ.

ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರುತ್ತೇನೆ. ನಿಮ್ಮ ಪಟ್ಟಿ ನೋಡಿದರೆ ಮೂರರಲ್ಲಿ ಎರಡು ಬರೀ ಚಿತ್ರ ಅಂಟಿಸುವ ಕೆಲಸ. ಕಿರೀಟದ ಚಿತ್ರ, ಮೊಗದ ಚಿತ್ರ. ಇದರಲ್ಲಿ ಡಿಸೈನರ್‌ಗೆ ಕೆಲಸವೇ ಇಲ್ಲ. ಪ್ರಿಂಟಿಂಗ್ ಅಂಗಡಿಯವರೇ ಮಾಡಿಕೊಡುತ್ತಾರೆ. ಕಲೆಯಿಂದ ತೆಗೆದುಕೊಳ್ಳಬೇಕಾದದ್ದು ಅದನ್ನು ಕಟ್ಟಿದ ರೀತಿಯನ್ನು: ಬಣ್ಣಗಳ ಲೆಕ್ಕ, ಗೆರೆಯ ಓಟ, ಅಳತೆ, ಮಡಿಕೆ, ಕೈಕೆಲಸ. ಇದಕ್ಕೆ ನಮ್ಮೂರಲ್ಲೇ ದೊಡ್ಡ ಉದಾಹರಣೆ ಇದೆ. ಕೆ. ಕೆ. ಹೆಬ್ಬಾರರು 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಮುಂಬಯಿಯ ಜೆ. ಜೆ. ಕಲಾ ಶಾಲೆಯಲ್ಲಿ ಕಲಿತರು, ಆಮೇಲೆ ಪ್ಯಾರಿಸ್‌ನಲ್ಲೂ ಅಭ್ಯಾಸ ಮಾಡಿದರು. ಅವರ ರೇಖಾಚಿತ್ರಗಳಲ್ಲಿ ಕುಣಿಯುವವರನ್ನು ನೋಡಿ. ಒಡವೆ, ಜರಿ, ಬಟ್ಟೆಯ ಅಂಚು ಯಾವುದನ್ನೂ ಎಣಿಸಿ ಬರೆದಿಲ್ಲ. ನಾಲ್ಕು ಗೆರೆ ಓಡುತ್ತವೆ, ಕುಣಿತ ಅಲ್ಲಿರುತ್ತದೆ. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿ ಉಂಟು. ಸ್ಕೆಚ್ ಪುಸ್ತಕ ಹಿಡಿದುಕೊಂಡು ಅರ್ಧ ದಿನ ಕೂತು ಬನ್ನಿ.

ಶುರು ಮಾಡುವುದು ಎಲ್ಲಿಂದ ಎಂದು ಕೇಳಿದಿರಿ. ಮಗ್ಗದಿಂದ. ನಿಮ್ಮ ಮೂರು ಯೋಚನೆಗಳಲ್ಲಿ ಉಡುಪಿ ಸೀರೆಯದ್ದೇ ಗಟ್ಟಿ, ಆದ್ದರಿಂದ ಅದನ್ನೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಉಡುಪಿ ಸೀರೆ ಎಂದರೆ ಅಪ್ಪಟ ಹಳೆಯ ಸಂಪ್ರದಾಯ, ಅದಕ್ಕೆ ನಾವು ಮಾಡರ್ನ್ ಸ್ಪರ್ಶ ಕೊಡುತ್ತೇವೆ ಎಂದು ತುಂಬಾ ಜನ ಬರೆದುಕೊಳ್ಳುತ್ತಾರೆ. ಚರಿತ್ರೆ ಹಾಗಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದರು. 1851ರಲ್ಲಿ ಇಲ್ಲಿ ನೇಯ್ಗೆಯ ಕಾರ್ಖಾನೆ ಹಾಕಿದರು. ನಿಂತ ಚೌಕಟ್ಟಿನ ಮಗ್ಗ, ಹಗ್ಗ ಎಳೆದರೆ ಓಡುವ ಲಾಳಿ ಎಲ್ಲ ಆ ದಾರಿಯಲ್ಲೇ ಈ ಊರಿಗೆ ಹರಡಿದವು. ನೇಯುವ ಕೈ ಮಾತ್ರ ಇಲ್ಲಿನದು. ನೇಕಾರ ಸಮುದಾಯವಾದ ಶೆಟ್ಟಿಗಾರರ ಮನೆಗಳಲ್ಲಿ ಮಗ್ಗದ ಸದ್ದು ಅದಕ್ಕೂ ಮೊದಲೇ ಇತ್ತು. ಅಂದರೆ ನೀವು ಫ್ಯೂಷನ್ ಎನ್ನುವ ಕೆಲಸ ಈ ಸೀರೆಯೊಳಗೆ ಯಾವತ್ತೋ ಆಗಿಹೋಗಿದೆ. ಹೊಸದು ಮಾಡಲು ಹಿಂಜರಿಯಬೇಕಿಲ್ಲ.

ಇದೇ ಕಾರ್ಖಾನೆಯ ಬಗ್ಗೆ ಇನ್ನೊಂದು ಮಾತು. ಖಾಕಿ ಬಣ್ಣ ಹುಟ್ಟಿದ್ದೇ ಮಂಗಳೂರಿನಲ್ಲಿ ಎಂದು ಟ್ಯಾಗ್ ಮೇಲೆ ಹಾಕುವ ಆಸೆ ನಿಮಗೂ ಬರಬಹುದು. ಮಿಷನ್ನಿನ ಜಾನ್ ಹಾಲರ್ ಇಲ್ಲಿ ಖಾಕಿ ಬಣ್ಣ ಮಾಡಿದ ಕತೆ ಊರಲ್ಲಿ ಪ್ರಸಿದ್ಧ. ಆದರೆ ಬ್ರಿಟಿಷರ ಕಾಲದ ವಾಯವ್ಯ ಗಡಿಯ ಗೈಡ್ಸ್ ಎಂಬ ಸೇನಾ ಪಡೆಯವರು 1840ರ ದಶಕದ ಕೊನೆಯಲ್ಲೇ ಖಾಕಿ ಉಡುತ್ತಿದ್ದರು. ಖಾಕಿಗೆ ನಮ್ಮೂರಿನ ನಂಟು ಉಂಟು ಎಂದು ಬರೆಯಿರಿ, ಅಷ್ಟು ಸಾಕು.

ಸೀರೆಯ ಬಟ್ಟೆಯ ಬಗ್ಗೆ ಹೇಳುವುದಾದರೆ, ಇದು ಹತ್ತಿ. 40, 60, 80 ನಂಬರಿನ ನೂಲು ಬರುತ್ತದೆ. ನಂಬರ್ ಜಾಸ್ತಿ ಆದಷ್ಟು ನೂಲು ತೆಳು. ಶರ್ಟ್ ಮತ್ತು ಪ್ಯಾಂಟಿಗೆ 40 ಚೆನ್ನ, ದುಪಟ್ಟಾ ಮತ್ತು ಸಡಿಲ ಡ್ರೆಸ್ಸಿಗೆ 80. ಒಡಲಲ್ಲಿ ಸಣ್ಣ ಚೌಕುಳಿ ಅಥವಾ ಗೆರೆ, ಅಂಚು ಮತ್ತು ಸೆರಗಿಗೆ ಬೇರೆ ಬಣ್ಣ, ಇದು ಅದರ ಗುರುತು. ಜರಿಯ ಅಬ್ಬರ ಇಲ್ಲ. ಬೆವರುವ ಊರಿಗೆ ಇದಕ್ಕಿಂತ ಹೊಂದುವ ಬಟ್ಟೆ ನನಗೆ ಗೊತ್ತಿಲ್ಲ. ಪಾಲಿಯೆಸ್ಟರ್ ಮೇಲೆ ಡಿಜಿಟಲ್ ಪ್ರಿಂಟ್ ಹಾಕಿ ಕರಾವಳಿಯ ಕಲೆಕ್ಷನ್ ಎಂದು ಮಾರುವವರನ್ನು ನೋಡಿದಾಗ, ಇವರು ಏಪ್ರಿಲ್ ತಿಂಗಳಲ್ಲಿ ಮಂಗಳೂರಿನ ಹಂಪನಕಟ್ಟೆಯಲ್ಲಿ ನಡೆದಿದ್ದಾರೋ ಇಲ್ಲವೋ ಎಂದು ಅನಿಸುತ್ತದೆ.

ಅಂಗಡಿಯಿಂದ ಸೀರೆ ತಂದು ಕತ್ತರಿಸುವುದು ಸುಲಭದ ದಾರಿ. ಸ್ಯಾಂಪಲ್‌ಗೆ ಅದು ಸರಿ. ಕಲೆಕ್ಷನ್‌ಗೆ ಸಾಲದು. ಒಂದು ಸೀರೆಯ ಅಂಚು ಇನ್ನೊಂದಕ್ಕೆ ಕೂಡುವುದಿಲ್ಲ, ಸೆರಗಿನ ಭಾಗ ಸುಮ್ನೆ ಉಳಿಯುತ್ತದೆ. ನೇಯಿಸುವುದು ಒಳ್ಳೆಯದು. ಅದಕ್ಕೆ ಮಗ್ಗದ ಒಂದು ಗುಣ ತಿಳಿದಿರಬೇಕು. ಹಾಸು, ಅಂದರೆ ಉದ್ದದ ಎಳೆಗಳನ್ನು, ಒಮ್ಮೆ ಕಟ್ಟಿದರೆ ಅದರಲ್ಲಿ ಹಲವು ಸೀರೆ ಬರುತ್ತವೆ. ಉದ್ದದ ಗೆರೆ, ಅಂಚಿನ ಬಣ್ಣ ಹಾಸಿನಲ್ಲೇ ನಿಗದಿಯಾಗಿಬಿಡುತ್ತದೆ. ಅಡ್ಡ ಎಳೆಯಾದ ಹೊಕ್ಕು ಮಾತ್ರ ಬದಲಾಯಿಸಬಹುದು, ಲಾಳಿಯೊಳಗಿನ ನೂಲಿನ ಕಂಡಿಕೆಯ ಬಣ್ಣ ಬದಲಾದರೆ ಸಾಕು. ನನಗೆ ಈ ಬಣ್ಣದಲ್ಲಿ ಒಂದೇ ಒಂದು ಪೀಸ್ ಬೇಕು ಎಂದು ಕೇಳಿದರೆ ನೇಕಾರರಿಗೆ ಹಾಸು ಕಟ್ಟಿದ ಶ್ರಮವೂ ಹುಟ್ಟುವುದಿಲ್ಲ. ಅದರ ಬದಲು ಒಂದು ಹಾಸು ನಿಮ್ಮದೇ ಎಂದು ಒಪ್ಪಿಕೊಳ್ಳಿ. ಉದಾಹರಣೆಗೆ ಕಪ್ಪು ಮತ್ತು ಇಟ್ಟಿಗೆ ಕೆಂಪಿನ ಗೆರೆ ಇರುವ ಹಾಸು. ಮೊದಲು ಕೆಂಪು ಹೊಕ್ಕು ಹೊಡೆಸಿ. ಆಮೇಲೆ ಸಾಸಿವೆ ಹಳದಿ, ಆಮೇಲೆ ಬಿಳಿ. ಒಂದೇ ಹಾಸಿನಲ್ಲಿ ಒಂದೇ ಮನೆಯ ಮಕ್ಕಳ ಹಾಗೆ ಮೂರು ನಾಲ್ಕು ಬಟ್ಟೆ ಬರುತ್ತವೆ. ಸೆರಗು ಬೇಡ ಎಂದರೆ ಇಡೀ ಉದ್ದ ಒಡಲೇ ನೇಯುತ್ತಾರೆ. ಅಂಚು ಒಂದೇ ಬದಿಗೆ ಸಾಕು ಎಂದರೂ ಆಗುತ್ತದೆ, ಹಾಸು ಕಟ್ಟುವ ಮೊದಲು ಹೇಳಬೇಕು ಅಷ್ಟೇ. ಕಾಗದದ ಮೇಲೆ ಚೌಕ ಹಾಕಿ, ಎಷ್ಟು ಎಳೆ ಕೆಂಪು ಎಷ್ಟು ಎಳೆ ಕಪ್ಪು ಎಂದು ಬರೆದುಕೊಂಡು ಹೋಗಿ. ಪಿಂಟರೆಸ್ಟ್ ಚಿತ್ರ ತೋರಿಸಿದರೆ ಅವರಿಗೆ ಉಪಯೋಗವಿಲ್ಲ.

ಎಲ್ಲಿ ಹೋಗುವುದು? ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘಕ್ಕೆ ಹೋಗಿ. ನೇಕಾರರು ಬೆರಳೆಣಿಕೆಗೆ ಇಳಿದಿದ್ದ ಕಾಲದಲ್ಲಿ ಕಾರ್ಕಳದ ಕದಿಕೆ ಟ್ರಸ್ಟ್ ಅವರ ಜೊತೆ ಸೇರಿಕೊಂಡಿತು. ಹೊಸಬರಿಗೆ ಕಲಿಸುವುದು, ಮಾರಾಟಕ್ಕೆ ದಾರಿ ಮಾಡುವುದು ನಡೆಯಿತು, ನೈಸರ್ಗಿಕ ಬಣ್ಣದ ಸೀರೆಗಳೂ ಬಂದವು. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನ ಕೆಂಗಂದು ಬಣ್ಣ ಒಮ್ಮೆ ನೋಡಿ. ತೋಟ ಇರುವ ಊರಿನವರಿಗೆ ಬಟ್ಟೆಗೆ ಅಂಟುವ ಕಲೆಯಾಗಿ ಮಾತ್ರ ಗೊತ್ತಿರುವ ಬಣ್ಣ ಅದು. ಚೊಗರನ್ನು ಸಿದ್ಧ ಉಡುಪಿಗೆ ಹೇಗೆ ಬಳಸುವುದು ಎಂದು ನೋಡಬೇಕಾದರೆ ಘಟ್ಟ ಹತ್ತಿ ಹೆಗ್ಗೋಡಿನ ಚರಕ ಎಂಬ ಕೈಮಗ್ಗದ ಸಹಕಾರ ಸಂಘಕ್ಕೂ ಹೋಗಿ ಬನ್ನಿ. ಇನ್ನೊಂದು, ಆರ್ಡರ್ ಮಳೆಗಾಲಕ್ಕೆ ಮೊದಲೇ ಕೊಡಿ. ಗಂಜಿ ಹಾಕಿದ ನೂಲು ಜುಲೈನಲ್ಲಿ ಒಣಗುವುದು ತಡ. ನೀವು ಕೊಟ್ಟ ತಾರೀಕಿಗೆ ಬರಲಿಲ್ಲ ಎಂದು ಬೇಸರ ಮಾಡಿಕೊಂಡು ಪ್ರಯೋಜನವಿಲ್ಲ.

ಬಟ್ಟೆ ಕೈಗೆ ಬಂದ ಕೂಡಲೇ ಕತ್ತರಿ ಹಾಕಬೇಡಿ. ಒಂದು ರಾತ್ರಿ ಬರೀ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ. ಗಂಜಿ ಹೋಗುತ್ತದೆ, ಕುಗ್ಗುವುದು ಕುಗ್ಗಿಬಿಡುತ್ತದೆ. ಕೆಂಪು, ಕಪ್ಪು ಬಣ್ಣದ ತುಂಡನ್ನು ಬಿಳಿ ಬಟ್ಟೆಯ ಜೊತೆ ಒದ್ದೆ ಮಾಡಿ ಒತ್ತಿ ನೋಡಿ. ಬಣ್ಣ ಬಿಡುವುದಾದರೆ ಆಗಲೇ ಗೊತ್ತಾಗಬೇಕು. ಕೈಮಗ್ಗದ ಬಟ್ಟೆಯಲ್ಲಿ ಹೊಲಿಗೆಯ ಹತ್ತಿರ ಎಳೆ ಜಾರುವುದು ಉಂಟು. ಮೈಗಂಟುವ ಕಟ್ ಮಾಡಿದರೆ ಕಂಕುಳಲ್ಲಿ ಮೊದಲು ಬಿರಿಯುತ್ತದೆ. ಆದ್ದರಿಂದ ಸಡಿಲ ಕಟ್, ಅಂಚು ಒಳಗೆ ಮುಚ್ಚಿಹೋಗುವ ಫ್ರೆಂಚ್ ಸೀಮ್ ಹೊಲಿಗೆ, ಬೇಕಾದಲ್ಲಿ ಒಳಗೆ ಮಲ್ ಬಟ್ಟೆಯ ಲೈನಿಂಗ್. ಅಂಚನ್ನು ಕೆಳಗೆ ಮಾತ್ರ ಇಡಬೇಕು ಎಂದೇನಿಲ್ಲ. ಶರ್ಟಿನ ಗುಂಡಿ ಪಟ್ಟಿಗೆ ಇಡಿ, ತೋಳಿನ ತುದಿಗೆ ಇಡಿ, ಬೆನ್ನಿನ ನಡುವೆ ಒಂದೇ ಗೆರೆಯಾಗಿ ಇಳಿಸಿ ನೋಡಿ.

ಇನ್ನು ಯಕ್ಷಗಾನ. ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ, ವೇಷಧಾರಿಗಳು ಉಡುವ ಕಸೆ ಸೀರೆಯನ್ನು ಗಮನ ಇಟ್ಟು ನೋಡಿದ್ದೀರಾ? ಎಲ್ಲರೂ ಕಿರೀಟವನ್ನೇ ನೋಡುತ್ತಾರೆ. ಆ ದೊಡ್ಡ ಚೌಕುಳಿ ಎಷ್ಟು ಧೈರ್ಯದ್ದು! ರಾತ್ರಿಯ ಬೆಳಕಿನಲ್ಲಿ ದೂರ ಕೂತವನಿಗೂ ಕಾಲಿನ ಚಲನೆ ಕಾಣಬೇಕು, ಆ ಚೌಕ ಅದನ್ನು ತೋರಿಸುತ್ತದೆ. ನಿಮ್ಮ ಕಲೆಕ್ಷನ್‌ಗೆ ನಾನು ಕೊಡುವ ಸಲಹೆ ಇದು: ಕಿರೀಟದ ಪ್ರಿಂಟ್ ಬಿಡಿ, ಕಸೆಯ ಚೌಕುಳಿಯನ್ನು ಮಗ್ಗಕ್ಕೆ ತನ್ನಿ. ಉಡುಪಿ ಸೀರೆಯದ್ದೂ ಚೌಕುಳಿಯೇ, ಆದರೆ ಚಿಕ್ಕದು, ಮೆತ್ತಗಿನದು. ಎರಡನ್ನೂ ಒಂದೇ ಡ್ರೆಸ್ಸಿನಲ್ಲಿ ಇಡಿ. ಮೇಲೆ ಸಣ್ಣ ಚೌಕ, ಕೆಳಗೆ ದೊಡ್ಡ ಚೌಕ. ಕಚ್ಚೆಯ ಹಾಗೆ ಕಸೆ ಉಡುವ ಕ್ರಮದಿಂದ ಪ್ಯಾಂಟಿನ ಕಟ್ ಕೂಡ ಸಿಗುತ್ತದೆ. ನಡೆಯುವುದಕ್ಕೂ ಸ್ಕೂಟರಿನಲ್ಲಿ ಕೂರುವುದಕ್ಕೂ ಆರಾಮ.

ವೇಷದ ಇನ್ನೆರಡು ಗುಣ ಕಲಿಯಬಹುದು. ಭುಜಕೀರ್ತಿ, ಎದೆಕಟ್ಟು, ಸೊಂಟದ ಡಾಬು ಎಲ್ಲ ಸೇರಿ ಕಲಾವಿದನ ಮೈಯನ್ನು ದೊಡ್ಡದು ಮಾಡುತ್ತವೆ. ಭುಜ ಅಗಲ, ತಲೆ ಎತ್ತರ. ಆ ಆಕಾರವನ್ನು ಜಾಕೆಟ್ ಭುಜದ ಕಟ್ಟಿಂಗ್‌ನಲ್ಲಿ ತರಲು ಆಗುತ್ತದೆ, ಒಂದು ಚಿತ್ರವನ್ನೂ ಹಾಕದೆ. ಎರಡನೆಯದು ಹೊಳಪು. ಹಗುರ ಮರಕ್ಕೆ ಬೇಗಡೆ ಹಚ್ಚಿ, ಕನ್ನಡಿ ಚೂರು ಕೂರಿಸಿ ಮಾಡಿದ ಒಡವೆಗಳು ದೀವಟಿಗೆಯ ಮಂದ ಬೆಳಕಿಗೆ ಆದವು. ಅಲ್ಲೊಂದು ಇಲ್ಲೊಂದು ಮಿಂಚು. ಈಗಿನ ಎಲ್‌ಇಡಿ ಬೆಳಕಲ್ಲಿ ಅಷ್ಟೇ ಹೊಳಪು ಕಣ್ಣು ಕುಕ್ಕುತ್ತದೆ. ಬಟ್ಟೆಗೂ ಇದೇ ಮಾತು. ಮೈತುಂಬಾ ಸೀಕ್ವಿನ್ ಬೇಡ, ಭುಜದ ಹೊಲಿಗೆಯ ಉದ್ದಕ್ಕೆ ನಾಲ್ಕು ಕನ್ನಡಿ ಸಾಕು.

ತೆಂಕು (ದಕ್ಷಿಣದ ಶೈಲಿ) ಮತ್ತು ಬಡಗನ್ನು ಮಾತ್ರ ಕಲಸಬೇಡಿ. ಒಂದು ತಿಟ್ಟಿನ ಕಿರೀಟ, ಇನ್ನೊಂದರ ಉಡುಪು ಇರುವ ಚಿತ್ರವನ್ನು ಬೆಂಗಳೂರಿನಲ್ಲಿ ಯಾರೂ ಕೇಳದೆ ಇರಬಹುದು. ಕುಂದಾಪುರದಲ್ಲಿ ಕೇಳುತ್ತಾರೆ. ಕೇದಗೆ ಮುಂದಲೆ ಎಂಬ ತಲೆಯ ಅಲಂಕಾರ ಕಟ್ಟಿದ ಅಭಿಮನ್ಯುವಿಗೆ ರಾಜನ ಕಿರೀಟ ಹಾಕಿದರೆ ಸಣ್ಣ ಮಕ್ಕಳೂ ನಗುತ್ತಾರೆ. ಉಡುಪಿಯ ಇಂದ್ರಾಳಿಯಲ್ಲಿ ಯಕ್ಷಗಾನ ಕೇಂದ್ರ ಇದೆ. ಕೇಳಿಕೊಂಡು ಹೋಗಿ, ಚೌಕಿ ಎಂಬ ಬಣ್ಣದ ಕೋಣೆಯಲ್ಲಿ ವೇಷ ಕಟ್ಟುವುದನ್ನು ನೋಡಿ. ಶಿವರಾಮ ಕಾರಂತರು ಯಕ್ಷಗಾನದ ಬ್ಯಾಲೆ ಕಟ್ಟಿದಾಗ ಪಿಟೀಲು, ಸ್ಯಾಕ್ಸೋಫೋನನ್ನೂ ತಂದರು. ವೇಷದಲ್ಲಿ ಮಾತ್ರ ಹಳೆಯ ಬಡಗಿನ ಅಂದವನ್ನೇ ಹಿಡಿದರು. ಯಾವುದನ್ನು ಬದಲಾಯಿಸಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಿಕೊಂಡವರು ಅವರು. ಅವರ ಆಯ್ಕೆ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ, ಅದು ಬೇರೆ ವಿಷಯ.

ಟೀ ಶರ್ಟ್ ಬೇಕೇ ಬೇಕು, ಅದು ದುಡಿಯುವ ಪೀಸ್, ನನಗೂ ಗೊತ್ತು. ಅದಕ್ಕೆ ಪಿಲಿವೇಷ, ಅಂದರೆ ಹುಲಿವೇಷ ನೋಡಿ. ಮಂಗಳೂರಿನ ದಸರಾ, ಉಡುಪಿಯ ಅಷ್ಟಮಿ ಎಂದರೆ ತಾಸೆ ವಾದ್ಯದ ಸದ್ದು ಕಿವಿಗೆ ಬರುತ್ತದೆ ಅಲ್ವಾ? ಇಲ್ಲೂ ಹರಕೆ ಉಂಟು, ಬಣ್ಣಕ್ಕೆ ಮೊದಲು ಊದು (ಧೂಪ) ಹಾಕುವ ಕ್ರಮ ಉಂಟು. ಆದರೂ ಇದು ಬೀದಿಗೆ ಬಂದು ಎಲ್ಲರ ಜೊತೆ ಕುಣಿಯುವ ಕಲೆ, ಹೊಸತನ್ನು ಯಾವಾಗಲೂ ಒಳಗೆ ಬಿಟ್ಟುಕೊಂಡ ಕಲೆ. ಪಟ್ಟೆ ಪಿಲಿ, ಚಿಟ್ಟೆ ಪಿಲಿ, ಕಪ್ಪು ಪಿಲಿ, ಒಂದೊಂದರ ಗೆರೆ ಒಂದೊಂದು ಥರ. ಹೊಟ್ಟೆಯ ಮೇಲೆ ಪಟ್ಟೆ ತಿರುಗುವ ರೀತಿ, ಬೆನ್ನಿನಲ್ಲಿ ಅದು ಎದುರು ಬದುರು ಸೇರುವ ರೀತಿ ಬಣ್ಣ ಬರೆಯುವವನ ಕೈಯನ್ನು ತೋರಿಸುತ್ತದೆ. ಮೈಯ ಉಬ್ಬು ತಗ್ಗು ನೋಡಿ ಬರೆದ ಗೆರೆ ಅದು. ಟೀ ಶರ್ಟಿನಲ್ಲೂ ಹಾಗೇ ಇರಲಿ, ಎದೆ ಮೇಲೆ ಒಂದು ಹುಲಿ ಮುಖ ಕೂರಿಸುವ ಬದಲು ಪಟ್ಟೆ ಪಕ್ಕೆಯಿಂದ ಶುರುವಾಗಿ ಬೆನ್ನಿಗೆ ಹೋಗಲಿ. ನೀವೇ ಬರೆಯಬೇಡಿ. ವೇಷಕ್ಕೆ ಬಣ್ಣ ಬರೆಯುವ ಕಲಾವಿದರೊಬ್ಬರನ್ನು ಕರೆಸಿ, ಸಾದಾ ಬಟ್ಟೆಯ ಮೇಲೆ ಬರೆಸಿ, ಅದನ್ನೇ ಸ್ಕ್ರೀನ್ ಮಾಡಿಸಿ. ಅವರ ಹೆಸರು ಟ್ಯಾಗ್ ಮೇಲೆ ಬರಲಿ. ಎಷ್ಟು ಪೀಸಿಗೆ ಎಷ್ಟು ಹಣ ಎಂದು ಕಾಗದದಲ್ಲಿ ಬರೆದುಕೊಳ್ಳಿ. ಚಾ ಕುಡಿಯುತ್ತಾ ಬಾಯಿ ಮಾತಲ್ಲಿ ಮುಗಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಆಮೇಲೆ ಇಬ್ಬರಿಗೂ ಕಷ್ಟ.

ಕಾವಿ ಕಲೆ ಕೂಡ ಒಳ್ಳೆಯ ಸರಕು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಕೆರೆದು, ಒಳಗಿನ ಬಿಳಿ ತೆಗೆಯುತ್ತಾರೆ. ಬಟ್ಟೆಯಲ್ಲಿ ಇದಕ್ಕೆ ಹತ್ತಿರ ಬರುವುದು ಡಿಸ್ಚಾರ್ಜ್ ಪ್ರಿಂಟ್, ಏಕೆಂದರೆ ಅಲ್ಲೂ ಬಣ್ಣ ತೆಗೆದೇ ಚಿತ್ರ ಬರುತ್ತದೆ. ತುಳು ಲಿಪಿ ಹಾಕುವುದಾದರೆ ಓದಲು ಬರುವವರಿಂದ ಎರಡು ಸಲ ನೋಡಿಸಿ. ತುಳು ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ ಸೇರಿತು, ಆದರೂ ತಪ್ಪು ಅಕ್ಷರದ ಟೀ ಶರ್ಟುಗಳು ಊರಲ್ಲಿ ಓಡಾಡುತ್ತಿವೆ.

ಅಡಿಕೆ ಹಾಳೆಯ ಮುಟ್ಟಾಳೆಯನ್ನು ರ‍್ಯಾಂಪ್ ಮೇಲೆ ತರುವ ಯೋಚನೆ ಬಂದರೆ ಸ್ವಲ್ಪ ನಿಲ್ಲಿ. ಈಗ ಸನ್ಮಾನದಲ್ಲೂ ತಲೆಗೆ ಇಡುತ್ತಾರೆ, ನಿಜ. ಆದರೆ ಅದು ಗದ್ದೆಯಲ್ಲಿ ದುಡಿದವರ ಟೋಪಿ, ಕೊರಗ ಸಮುದಾಯದ ಬದುಕಿನ ಜೊತೆ ಬಂದದ್ದು. ಅವರನ್ನು ಕೀಳಾಗಿ ನಡೆಸಿಕೊಂಡ ಅಜಲು ಪದ್ಧತಿಯನ್ನು ನಿಲ್ಲಿಸಲು 2000ನೇ ಇಸವಿಯಲ್ಲಿ ಕಾನೂನೇ ಬರಬೇಕಾಯಿತು. ಮಾಡೆಲ್ ತಲೆಗೆ ಮುಟ್ಟಾಳೆ ಇಟ್ಟು ತಮಾಷೆ ಮಾಡಿದ ಹಾಗೆ ಕಂಡರೆ ಆ ನೆನಪು ಎದ್ದು ಬರುತ್ತದೆ. ಕೊರಗರ ಬುಟ್ಟಿ ಹೆಣಿಗೆಯಿಂದ ಬ್ಯಾಗ್ ಮಾಡಿಸುವುದು ಒಳ್ಳೆಯದು. ಹೆಣೆದವರಿಗೆ ಸರಿಯಾದ ಬೆಲೆ ಸಿಗಬೇಕು.

ಹೆಸರು ಮತ್ತು ಬೆಲೆ. ಉಡುಪಿ ಸೀರೆಗೆ 2016ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಿದೆ. ಪವರ್‌ಲೂಮಿನ ಚೌಕುಳಿ ಬಟ್ಟೆ ತಂದು ಉಡುಪಿ ಸೀರೆಯದ್ದು ಎಂದು ಬರೆಯುವ ಹಾಗಿಲ್ಲ. ನಿಜವಾದ ಬಟ್ಟೆಯೇ ಆದರೂ ಟ್ಯಾಗ್‌ನಲ್ಲಿ ಆ ಹೆಸರು ಹೇಗೆ ಬಳಸುವುದು ಎಂದು ಸಂಘದವರ ಜೊತೆ ಮೊದಲೇ ಮಾತಾಡಿ. ನೇಕಾರರ ಹೆಸರು ಬರೆಯಿರಿ, ನೂಲಿನ ನಂಬರ್ ಬರೆಯಿರಿ, ಒಗೆಯುವ ಕ್ರಮ ಬರೆಯಿರಿ. ಬೆಲೆ ಹೇಳುವಾಗ ನಾಚಿಕೆ ಬೇಡ. ಮಾಲ್‌ನ ಶರ್ಟಿಗಿಂತ ಜಾಸ್ತಿ ಆಗಿಯೇ ಆಗುತ್ತದೆ. ಚೌಕಾಸಿಗೆ ಇಳಿದರೆ ಕೊನೆಗೆ ಕಡಿಮೆ ಆಗುವುದು ನೇಕಾರರ ಕೂಲಿ. ಮೊದಲ ಸಲಕ್ಕೆ ಒಂದು ಹಾಸು, ನಾಲ್ಕು ಹೊಕ್ಕು, ಮೂರು ಕಟ್ ಮತ್ತು ಒಂದು ಪಿಲಿ ಟೀ ಶರ್ಟ್ ಸಾಕು. ಟೀ ಶರ್ಟಿನ ಲಾಭ ಉಳಿದವನ್ನು ಸ್ವಲ್ಪ ದಿನ ಹೊರುತ್ತದೆ.

ಫೋಟೋ ಶೂಟ್ ದೈವಸ್ಥಾನದ ಅಂಗಳದಲ್ಲಿ ಬೇಡ, ಉಡುಪಿ ರಥಬೀದಿಯಲ್ಲಿ ಭಕ್ತರ ನಡುವೆಯೂ ಬೇಡ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನ ಹಳೆಯ ಮನೆಗಳು ಚೆನ್ನಾಗಿವೆ, ಅನುಮತಿ ಕೇಳಿ ನೋಡಿ. ಮಂಗಳೂರಿನ ಬಂದರಿನ ಹಳೆಯ ಹಂಚಿನ ಗೋಡೌನ್‌ಗಳ ಬೆಳಗಿನ ಬೆಳಕು ನನಗೆ ಇನ್ನೂ ಇಷ್ಟ. ಲಾರಿ ಲೋಡಿಂಗ್ ಶುರುವಾಗುವ ಮೊದಲು ಹೋಗಬೇಕು. ಮಗ್ಗದ ಮನೆಯಲ್ಲಿ ತೆಗೆಯುವುದಾದರೆ ಆ ದಿನದ ಕೂಲಿ ಕೊಟ್ಟು ತೆಗೆಯಿರಿ, ಕೆಲಸ ನಿಲ್ಲುತ್ತದೆ ನೋಡಿ. ಸೇಂಟ್ ಮೇರೀಸ್ ದ್ವೀಪವೇ ಬೇಕು ಎಂದಾದರೆ ಮಳೆಗಾಲ ಮುಗಿಯುವವರೆಗೆ ಕಾಯಬೇಕು, ಮಲ್ಪೆಯಿಂದ ದೋಣಿ ಆಗ ಬಿಡುವುದಿಲ್ಲ.